ಮೊದಲು ಕೇಳಿದ ದೇವರು

ಇವತ್ತಿನ ಭಾಗ ಆದಿಕಾಂಡ 16. ಹಾಗರಳು ದಾಸಿ, ಬಸುರಿ. ಯಜಮಾನಿಯ ಕಾಟ ತಾಳಲಾರದೆ ಅಡವಿಗೆ ಓಡಿದಳು. ಕರ್ತನ ದೂತನು ಬೈಯಲಿಲ್ಲ. ಎಲ್ಲಿಂದ ಬಂದಿ, ಎಲ್ಲಿಗೆ ಹೊಂಟಿ ಅಂತ ಮೊದಲು ಕೇಳಿದನು.

ಗರ್ಭದ ಶಿಶು ದೇವರ ಕೈಕೆಲಸ ಅಂತ ನಾವು ನಂಬ್ತೀವಿ. ಆದರೆ ಹೆಂಗಸರು ಗರ್ಭಪಾತಕ್ಕೆ ಯಾಕೆ ಹೋಗ್ತಾರೆ ಅಂತ ಕೇಳಿದೀವಾ?

ಮೊದಲನೆಯದು, ಮನೆಯವರ ಒತ್ತಾಯ. 2017ರಲ್ಲಿ ನಮ್ಮ ಕಾಗವಾಡದ ಗಡಿಯಾಚೆ ಮ್ಹೈಸಾಳದಲ್ಲಿ 19 ಭ್ರೂಣಗಳು ಸಿಕ್ಕವು. ಗರ್ಭಪಾತದಲ್ಲಿ ಎರಡು ಹೆಣ್ಣುಮಕ್ಕಳ ತಾಯಿ ಸತ್ತ ಮೇಲೆ ಇದು ಹೊರಬಂತು. 2022ರಲ್ಲಿ ನಮ್ಮದೇ ಜಿಲ್ಲೆಯ ಮೂಡಲಗಿಯಲ್ಲಿ ಬಾಟಲಿಗಳೊಳಗೆ 7 ಭ್ರೂಣ. ಕಾನೂನು ಕೇಳೋದು ವಯಸ್ಕ ಹೆಂಗಸಿನ ಒಪ್ಪಿಗೆ ಮಾತ್ರ. ಆದರೆ ಎಷ್ಟೋ ಸಲ ಸಹಿ ಅವಳದು, ತೀರ್ಮಾನ ಗಂಡನದು, ಅತ್ತೆಯದು.

ಎರಡನೆಯದು, ಭಯ. ಖಾನಾಪುರದ ಹಳ್ಳಿಯಿಂದ ಬೆಳಗಾವಿಗೆ ಬಂದು ಪೀಜಿಯಲ್ಲಿರೋ ಹುಡುಗಿಯನ್ನು ನೆನಸಿಕೊಳ್ಳಿರಿ. ಹುಡುಗ ಫೋನ್ ಎತ್ತೋದಿಲ್ಲ. ಊರಲ್ಲಿ ಅಪ್ಪನ ಮರ್ಯಾದೆ. ಅದಕ್ಕಿಂತ ದೊಡ್ಡ ಹೆದರಿಕೆ, ನಮ್ಮ ಸಭೆಯವರ ಬಾಯಿ. ಯಾರಿಗೂ ಹೇಳದೆ, ಡಾಕ್ಟರಿಗೂ ತೋರಿಸದೆ ಗುಳಿಗೆ ನುಂಗಿದರೆ ಆಕೆಯ ಜೀವಕ್ಕೂ ಅಪಾಯ.

ತಮ್ಮಂದಿರೇ, ಹೆಣ್ಣೋ ಗಂಡೋ ಅಂತ ಸ್ಕ್ಯಾನ್ ಮಾಡಿಸೋದು 1994ರ ಕಾಯ್ದೆಯಲ್ಲಿ ಅಪರಾಧ. ಮನೆಯಲ್ಲಿ ಆ ಮಾತು ಎದ್ದರೆ ನೀವೇ ತಡೆಯಿರಿ. ತಂಗಿಯರೇ, ಗೆಳತಿ ಅಳುತ್ತಾ ಬಂದರೆ ವಚನ ಹೇಳೋ ಮುಂಚೆ ಕೂಡಿಸಿ ಕೇಳಿರಿ. ಕೇಳಿದ್ದು ಇನ್ನೊಬ್ಬರಿಗೆ ಹೋಗಬಾರದು. ಈಗಾಗಲೇ ಮಾಡಿಸಿಕೊಂಡು ಒಳಗೇ ಕೊರಗುವ ಸಹೋದರಿಯೇ, ಹಾಗರಳನ್ನು ಅಡವಿಯಲ್ಲಿ ಕಂಡ ದೇವರು ನಿನ್ನನ್ನೂ ಕಾಣುತ್ತಾನೆ. ಕ್ರಿಸ್ತನ ರಕ್ತದಲ್ಲಿ ನಿನಗೂ ಕ್ಷಮೆ ಉಂಟು.

ಪ್ರಾರ್ಥಿಸೋಣ. ಆಮೆನ್.