ಒಸಡಿನ ರಕ್ತವೂ ಹೆಣ್ಣುಮಕ್ಕಳ ದೇಹಸ್ಥಿತಿಯೂ

ಹನ್ನೆರಡು ಹದಿಮೂರು ವಯಸ್ಸಿನ ಬಾಲಿಕೆಯು ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತವನ್ನು ಕಂಡು ಬೆದರುವುದುಂಟು. ಆಗ ಮನೆಯ ಹಿರಿಯರು, ಕೆಲವು ದಿನ ಬ್ರಷ್ಷನ್ನು ಮುಟ್ಟದೆ ಬರಿಯ ನೀರಿನಿಂದ ಬಾಯಿ ಮುಕ್ಕಳಿಸೆಂದು ಬುದ್ಧಿ ಹೇಳುವರು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳ ತಾಯಂದಿರಿಂದ ಈ ಮಾತನ್ನು ನಾವು ಹಲವು ಸಾರಿ ಕೇಳಿರುತ್ತೇವೆ. ಪ್ರೀತಿಯಿಂದ ಹೇಳಿದ ಮಾತೇ ಸರಿ. ಆದರೆ ಅದರಿಂದ ಕೇಡು ಹೆಚ್ಚುವುದಲ್ಲದೆ ಕಡಮೆಯಾಗದು.

ಹಲ್ಲೂ ಒಸಡೂ ಕೂಡುವ ಗೆರೆಯಲ್ಲಿ ಅಂಟಾದ ಪಾಚಿಯೊಂದು ದಿನವೂ ಕಟ್ಟುತ್ತದೆ. ಅದು ಜೀವವುಳ್ಳ ಸೂಕ್ಷ್ಮಾಣುಗಳ ಗುಂಪಾಗಿದೆ; ಮುಕ್ಕಳಿಸಿದ ಮಾತ್ರಕ್ಕೆ ಬಿಡುವುದಿಲ್ಲ. 1965ರಲ್ಲಿ ಹೆರಾಲ್ಡ್ ಲೋ ಎಂಬ ನಾರ್ವೆಯ ದಂತವಿಜ್ಞಾನಿಯೂ ಅವರ ಸಂಗಡಿಗರೂ, ಆರೋಗ್ಯವಂತರಾದ ಕೆಲವರಿಂದ ಹಲ್ಲುಜ್ಜುವುದನ್ನು ಬಿಡಿಸಿ ಪರೀಕ್ಷಿಸಿದರು. 10ರಿಂದ 21 ದಿನಗಳೊಳಗೆ ಅವರೆಲ್ಲರ ಒಸಡೂ ಕೆಂಪೇರಿತು. ಪುನಃ ಉಜ್ಜತೊಡಗಲು ಸುಮಾರು ಒಂದು ವಾರದಲ್ಲಿ ವಾಸಿಯಾಯಿತು.

ಹಾಗಾದರೆ ಪ್ರಾಯಕ್ಕೆ ಬರುವ ಕಾಲದಲ್ಲಿಯೇ ರಕ್ತವೇಕೆ ಹೆಚ್ಚು ಎಂದು ವಾಚಕರು ಕೇಳಬಹುದು. ಆ ವಯಸ್ಸಿನಲ್ಲಿ ಅಂಡಾಶಯದಿಂದ ಈಸ್ಟ್ರೊಜನ್, ಪ್ರೊಜೆಸ್ಟರೋನ್ ಎಂಬ ಹಾರ್ಮೋನುಗಳು ಹೇರಳವಾಗಿ ರಕ್ತವನ್ನು ಸೇರುತ್ತವೆ. ಗರ್ಭಕೋಶದಂತೆಯೇ ಒಸಡಿನ ಜೀವಕೋಶಗಳೂ ಇವುಗಳ ಮಾತಿಗೆ ಕಿವಿಗೊಡುವಂಥವು. ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗಿ, ದ್ರವವು ಸುಲಭವಾಗಿ ಸೋರುವುದು. ಹಿಂದೆ ಎಷ್ಟು ಪಾಚಿಯನ್ನು ಒಸಡು ಸಹಿಸುತ್ತಿತ್ತೋ ಅಷ್ಟಕ್ಕೇ ಈಗ ಬಾತುಕೊಳ್ಳುವುದು. ಕಿಡಿ ಪಾಚಿಯದು, ಗಾಳಿ ಹಾರ್ಮೋನಿನದು. ಗಾಳಿಯನ್ನು ನಿಲ್ಲಿಸುವುದು ನಮ್ಮ ಕೈಲಿಲ್ಲ, ಕಿಡಿಯನ್ನು ಆರಿಸಬಹುದು.

ಗರ್ಭಿಣಿಯರಲ್ಲಿ ಇದೇ ಸಂಗತಿ ಇನ್ನೂ ಬಲವಾಗಿ ತೋರುವುದು. ಸಾಮಾನ್ಯವಾಗಿ ಎರಡನೆಯ ತಿಂಗಳಲ್ಲಿ ತೊಡಗಿ ಎಂಟನೆಯ ತಿಂಗಳವರೆಗೆ ಏರುತ್ತ ಹೋಗಿ, ಹೆರಿಗೆಯ ನಂತರ ಇಳಿಯುತ್ತದೆ. ಕೆಲವರ ಒಸಡಿನ ಮೇಲೆ ಕೆಂಪಾದ ಗಂಟೇಳುವುದೂ ಉಂಟು, ಅದು ಕ್ಯಾನ್ಸರಲ್ಲ. ಮಗುವು ತಾಯಿಯ ಹಲ್ಲಿನ ಸುಣ್ಣವನ್ನು ಹೀರುವುದರಿಂದ ಹೆತ್ತವಳ ಹಲ್ಲು ಉದುರುತ್ತದೆಂಬ ನಂಬಿಕೆಯನ್ನು ಓದಿದವರೂ ಬಿಟ್ಟಿಲ್ಲವೆಂಬುದು ನಮಗೆ ಆಶ್ಚರ್ಯ. ಶಿಶುವಿಗೆ ಬೇಕಾದ ಸುಣ್ಣವು ತಾಯಿಯ ಆಹಾರದಿಂದ, ಅದು ಸಾಲದಿದ್ದರೆ ಅವಳ ಎಲುಬಿನಿಂದ ಹೋಗುವುದೇ ಹೊರತು ಹಲ್ಲಿನಿಂದಲ್ಲ. ಒಸಡಿನ ರೋಗವನ್ನು ವರ್ಷಗಟ್ಟಲೆ ಅಲಕ್ಷಿಸಿದಾಗ ಹಲ್ಲನ್ನು ಹಿಡಿದ ಎಲುಬು ಕರಗಿ ಹಲ್ಲು ಅಲುಗುವುದು. ‘ಹೆತ್ತವಳ ಪಾಡು’ ಎಂದು ಸುಮ್ಮನಿದ್ದುದರಿಂದಲೇ ಎಷ್ಟೋ ಹಲ್ಲುಗಳು ಹೋಗಿವೆ.

ಬಾಣಂತಿಯ ಪಥ್ಯದ ವಿಷಯವಾಗಿಯೂ ಒಂದು ಮಾತು. ಹಣ್ಣು, ಸೊಪ್ಪುಗಳನ್ನು ತಿಂಗಳುಗಟ್ಟಲೆ ಬಿಡಿಸುವ ಮನೆಗಳುಂಟು. ಒಸಡನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ನಾರು ಸಿ ಜೀವಸತ್ತ್ವವಿಲ್ಲದೆ ಸರಿಯಾಗಿ ಕಟ್ಟಲಾರದು. ಯಳಂದೂರಿನ ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಆಯುವ ನೆಲ್ಲಿಕಾಯಿ ಈ ಜೀವಸತ್ತ್ವದ ಭಂಡಾರವೇ ಸರಿ. ಹಾಗೆಂದು ನೆಲ್ಲಿಕಾಯಿ ಪಾಚಿಯನ್ನು ತೆಗೆದೀತೆಂದು ಯಾರೂ ಭಾವಿಸಬಾರದು.

ಇನ್ನು ಮಧುಮೇಹ. ರಕ್ತದಲ್ಲಿ ಸಕ್ಕರೆ ಏರಿದರೆ ರೋಗಾಣುಗಳನ್ನೆದುರಿಸುವ ಬಿಳಿಯ ಕಣಗಳ ಶಕ್ತಿ ಕುಗ್ಗುವುದು, ಗಾಯ ಮಾಯುವುದು ನಿಧಾನವಾಗುವುದು. ತಿರುಗಿ, ಒಸಡಿನ ಉರಿಯೂತದಿಂದ ಇನ್ಸುಲಿನ್ನಿನ ಕೆಲಸ ಕೆಡುವುದು. ಒಸಡಿಗೆ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಲ್ಲಿ ಸಕ್ಕರೆಯ ಸರಾಸರಿ ಅಳತೆಯೂ ಸ್ವಲ್ಪ ಇಳಿಯುವುದೆಂದು ಪರೀಕ್ಷೆಗಳಿಂದ ತಿಳಿದಿದೆ. ತಂದೆಯವರೂ ಇದನ್ನು ಓದಲಿ. ಇದು ಹೆಂಗಸರ ರೋಗ ಮಾತ್ರವಲ್ಲ. ಮುಟ್ಟು ನಿಂತ ಮೇಲೆ ಕೆಲವರ ಬಾಯಿ ಒಣಗುವುದರಿಂದ ಅವರೂ ಎಚ್ಚರವಾಗಿರತಕ್ಕದ್ದು.

ರಕ್ತ ಬರುವಾಗಲೂ ಮೃದುವಾದ ಬ್ರಷ್ಷನ್ನು ಒಸಡಿನ ಗೆರೆಗೆ ಓರೆಯಾಗಿ ಹಿಡಿದು, ದಿನಕ್ಕೆರಡಾವರ್ತಿ ಮೆಲ್ಲನೆ ಉಜ್ಜಬೇಕು. ಬೇವಿನ ಕಡ್ಡಿಯನ್ನು ನಾವು ಹಳಿಯೆವು. ಇಟ್ಟಿಗೆ ಪುಡಿ, ಹೊಗೆಸೊಪ್ಪುಗಳನ್ನು ಮಾತ್ರ ಖಂಡಿತ ಬಿಡಬೇಕು. ಬಸುರಿನ ವಾಂತಿಯಾದೊಡನೆ ಉಜ್ಜದೆ, ಮೊದಲು ನೀರಿನಿಂದ ಮುಕ್ಕಳಿಸಿ ಅರ್ಧ ಗಂಟೆ ತಡೆಯುವುದು ಒಳ್ಳೆಯದು. ಎರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ದಂತವೈದ್ಯರಲ್ಲಿಗೆ ಹೋಗಬೇಕು. ಮೈ ಬಿಳಿಚಿದ್ದರೆ, ಅಥವಾ ಕಾರಣವಿಲ್ಲದೆ ಮೈಮೇಲೆ ಕಂದಿದ ಕಲೆಗಳು ಕಂಡರೆ, ಎರಡು ವಾರ ಕಾಯದೆ ರಕ್ತಪರೀಕ್ಷೆ ಮಾಡಿಸತಕ್ಕದ್ದು.

2016ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೆಯ ತಾರೀಕು ಗರ್ಭಿಣಿಯರಿಗೆ ಉಚಿತ ಪರೀಕ್ಷೆಯ ಏರ್ಪಾಡಾಗಿದೆ. ಆ ದಿನ ಬಾಯನ್ನೂ ನೋಡಿರೆಂದು ವೈದ್ಯರನ್ನು ಕೇಳಿಕೊಳ್ಳಬಹುದು. ಹಲ್ಲಿನ ಕಿಟ್ಟವನ್ನು ತೆಗೆಸುವುದರಿಂದ ಮಗುವಿಗೆ ಅಪಾಯವಿಲ್ಲ. ನಾಲ್ಕರಿಂದ ಆರನೆಯ ತಿಂಗಳು ಅದಕ್ಕೆ ಅನುಕೂಲವಾದ ಕಾಲ.