ಕೆರೆಯ ಕಾಟ್ಲಾ, ಹೊಸ ಅಕ್ಕಿ, ಜಪಾನಿ ಬಟ್ಟಲು

ಶಿಡ್ಲಘಟ್ಟದ ರೇಷ್ಮೆ ರೈತರಿಗೆ ಜಪಾನ್ ಹೊಸ ಹೆಸರಲ್ಲ. 1990ರ ದಶಕದಲ್ಲಿ ಜಪಾನಿನ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಜೊತೆಗೂಡಿ ನಮ್ಮ ಹವೆಗೆ ಒಗ್ಗುವ ದ್ವಿತಳಿ ಹುಳುಗಳನ್ನು ರೂಪಿಸಿದರು. ಇಂದು ಗೂಡಿನ ಮಾರುಕಟ್ಟೆಗೆ ಬರುವ ಬಿಳಿ ಗೂಡಿನ ಹಿಂದೆ ಆ ಕೆಲಸವಿದೆ. ಜಪಾನಿನ ಅಡುಗೆ ಮಾತ್ರ ನಮ್ಮ ಮನೆಗಳವರೆಗೆ ಬರಲಿಲ್ಲ. ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಅವರ ದಿನಬಳಕೆಯ ಒಂದು ಊಟಕ್ಕೆ ಬೇಕಾದದ್ದೆಲ್ಲ ನಮ್ಮ ಸಂತೆಯಲ್ಲೇ ಸಿಗುತ್ತದೆ.

ಆ ಊಟ ಇಷ್ಟೇ: ಆಳವಾದ ಬಟ್ಟಲಲ್ಲಿ ಬಿಸಿ ಅನ್ನ, ಮೇಲೆ ಹುರಿದ ಮೀನು, ಸುತ್ತ ಬೇಯಿಸಿದ ಸೊಪ್ಪು ತರಕಾರಿ, ನಂಚಿಕೊಳ್ಳಲು ಹುಳಿ ಹಾಕಿದ ಈರುಳ್ಳಿಯೋ ಸೌತೆಕಾಯಿಯೋ, ಕೊನೆಗೆ ಸಿಹಿ ಉಪ್ಪು ಬೆರೆತ ಸೋಯಾ ರಸ. ಅವರು ಹಾಕುವ ಮೀನು ಹೆಚ್ಚಾಗಿ ಸಾಲ್ಮನ್. ನಮ್ಮಲ್ಲಿ ಅದು ಸಿಗುವುದು ಹೊರದೇಶದಿಂದ ಹೆಪ್ಪುಗಟ್ಟಿಸಿ ತಂದದ್ದು, ಅದೂ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ, ಕೆರೆ ಮೀನಿನ ಹಲವು ಪಟ್ಟು ಬೆಲೆಗೆ. ಆಸೆಯಿದ್ದವರು ತನ್ನಿ, ಅದರ ವಿಧಾನವನ್ನೂ ಹೇಳುತ್ತೇನೆ. ಆದರೆ ಈ ಬಟ್ಟಲಿನ ರುಚಿ ಸಾಲ್ಮನ್ ಒಂದರಲ್ಲೇ ಇಲ್ಲ. ಒಂದೊಂದು ಪದಾರ್ಥವನ್ನೂ ಬೇರೆ ಬೇರೆಯಾಗಿ, ಅದರದರ ಹದಕ್ಕೆ ಬೇಯಿಸಿ, ಮಸಾಲೆಯ ಕೈ ಬಿಗಿಹಿಡಿಯುವುದರಲ್ಲಿದೆ.

ಇಬ್ಬರಿಗೆ ಬೇಕಾಗುವುದು: ಒಂದು ಲೋಟ ಅಕ್ಕಿ, 300 ಗ್ರಾಂ ಮೀನು, ಒಂದು ಕಟ್ಟು ಪಾಲಕ್, ಒಂದು ಕ್ಯಾರೆಟ್, ಒಂದು ಹಿಡಿ ಬೀನ್ಸ್ ಅಥವಾ ಹಿತಕಿದ ಅವರೆ, ನಾಲ್ಕೈದು ಸಣ್ಣ ಈರುಳ್ಳಿ, ಒಂದು ಹಣ್ಣಾದ ಟೊಮೆಟೊ, ಸೋಯಾ ಸಾಸ್, ಬೆಲ್ಲ, ಸಕ್ಕರೆ, ವಿನಿಗರ್, ಶುಂಠಿ, ಒಂದು ನಿಂಬೆಹಣ್ಣು, ಎಳ್ಳು, ಕಡಲೆಕಾಯಿ ಎಣ್ಣೆ.

ಹಂತ 1: ಅಕ್ಕಿ

ಇಲ್ಲಿ ನಮ್ಮ ರೂಢಿಯನ್ನು ತಿರುವಿಹಾಕಬೇಕು. ಅಂಗಡಿಗೆ ಹೋದರೆ ನಾವು ಕೇಳುವುದು ಹಳೆ ಅಕ್ಕಿ, ಅನ್ನ ಉದುರುದುರಾಗಿ ಬರಲಿ ಎಂದು. ಈ ಊಟಕ್ಕೆ ಬೇಕಾದದ್ದು ಹೊಸ ಅಕ್ಕಿ. ಜಪಾನಿನ ಗಿಡ್ಡ ಕಾಳಿನ ಅಕ್ಕಿ ಬೆಂದಾಗ ಕಾಳು ಬಿಡಿಯಾಗಿ ಕಂಡರೂ ಒಂದಕ್ಕೊಂದು ಅಂಟಿಕೊಂಡು, ಕಡ್ಡಿಯಲ್ಲಿ ಎತ್ತಿದರೆ ಗುಂಪಾಗಿ ಬರುತ್ತದೆ. ಆ ಗುಣಕ್ಕೆ ನಮ್ಮಲ್ಲಿ ಹತ್ತಿರವಾದದ್ದು ಹೊಸ ಸೋನಾ ಮಸೂರಿ. ಮುದ್ದೆಯಾಗುತ್ತದೆ ಎಂದು ದೂರುವ ಅದೇ ಅಕ್ಕಿ ಇಲ್ಲಿ ಸರಿಹೊಂದುತ್ತದೆ, ಬೆಲೆಯೂ ಕಡಿಮೆ. ಸ್ಟೀಮ್ ಅಕ್ಕಿ, ಕುಸುಬಲಕ್ಕಿ ಬೇಡ.

ಮೂರು ನಾಲ್ಕು ಸಲ ತೊಳೆದು ಅರ್ಧ ಗಂಟೆ ನೆನೆಸಿ, ನೀರು ಬಸಿದುಬಿಡಿ. ಒಂದು ಲೋಟ ಅಕ್ಕಿಗೆ ಒಂದೂಮುಕ್ಕಾಲು ಲೋಟ ನೀರು. ಉಪ್ಪು, ಎಣ್ಣೆ ಏನೂ ಹಾಕಬೇಡಿ. ಪಾತ್ರೆಯಲ್ಲಾದರೆ ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ, ಮುಚ್ಚಳ ಹಾಕಿ ಹನ್ನೆರಡು ನಿಮಿಷ. ಕುಕ್ಕರಿನಲ್ಲಾದರೆ ಎರಡು ಕೂಗು. ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಡಿ. ಒಳಗಿನ ಹಬೆಯಲ್ಲೇ ಅನ್ನ ಹದಕ್ಕೆ ಬರುತ್ತದೆ, ಅವಸರ ಮಾಡಿದರೆ ಮೇಲೆ ಒದ್ದೆ, ಕೆಳಗೆ ಗಟ್ಟಿ.

ಹಂತ 2: ಮೀನು ಆರಿಸುವುದು

ನಿಜವಾದ ಕೆಲಸ ಇಲ್ಲಿರುವುದು. ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ, ಇರುವುದೆಲ್ಲ ಕೆರೆ. 2021ರ ಮಳೆಗೆ ಬಹಳ ಕಾಲದಿಂದ ಒಣಗಿದ್ದ ಕೆರೆಗಳೂ ಕೋಡಿ ಹರಿದವು. ನಮ್ಮ ಕೆರೆಗಳಲ್ಲಿ ಸಾಕುವುದು ಮುಖ್ಯವಾಗಿ ಕಾಟ್ಲಾ, ರೋಹು, ಗೆಂಡೆ. ಜೊತೆಗೆ ತಾನಾಗಿ ಬೆಳೆಯುವ ಜಿಲೇಬಿ ಮೀನು, ಅದೃಷ್ಟವಿದ್ದರೆ ಕೊರಮೀನು.

ಸಾಲ್ಮನ್ ಮೀನಿನ ಹೆಚ್ಚುಗಾರಿಕೆ ಎರಡು: ಮಾಂಸದಲ್ಲಿ ಕೊಬ್ಬಿದೆ, ತಿನ್ನುವಾಗ ಮುಳ್ಳಿನ ಕಾಟವಿಲ್ಲ. ಕೆರೆ ಮೀನಿನಲ್ಲಿ ಇವೆರಡಕ್ಕೂ ಹತ್ತಿರವಾದದ್ದು ದೊಡ್ಡ ಕಾಟ್ಲಾದ ಹೊಟ್ಟೆಯ ಭಾಗ. ಕಾಟ್ಲಾ, ರೋಹುಗಳ ಬೆನ್ನು ಬಾಲಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳು ಹುದುಗಿರುತ್ತವೆ, ಅನ್ನದಲ್ಲಿ ಬೆರೆತರೆ ಮಕ್ಕಳಿಗೆ ಅಪಾಯ. ಹೊಟ್ಟೆಯ ಕಡೆ ಇರುವುದು ಪಕ್ಕೆಲುಬಿನ ದಪ್ಪ ಮುಳ್ಳು. ಬೆಂದ ಮೇಲೆ ಕೈಯಲ್ಲಿ ಹಿಡಿದು ಎಳೆದರೆ ಒಂದೊಂದಾಗಿ ಬಂದುಬಿಡುತ್ತದೆ. ಎರಡು ಮೂರು ಕೆ.ಜಿ. ತೂಗುವ ಮೀನನ್ನು ಆರಿಸಿ, ‘ಹೊಟ್ಟೆಯ ಕಡೆಯದ್ದು ಕೊಡಿ, ಅಡ್ಡಕ್ಕೆ ಕೊಚ್ಚಬೇಡಿ, ಉದ್ದಕ್ಕೆ ಸೀಳಿ, ಚರ್ಮ ಇರಲಿ’ ಎಂದು ಕತ್ತರಿಸುವವರಿಗೆ ಮೊದಲೇ ಹೇಳಿ. ಕೊರಮೀನು ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಮುಳ್ಳು ಕಡಿಮೆ, ಮಾಂಸ ಗಟ್ಟಿ.

ಯಾವ ಕೆರೆಯ ಮೀನು ಎಂದು ಕೇಳಿಯೇ ಕೊಳ್ಳಿ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕಂದವಾರ ಕೆರೆಯೂ ಸೇರಿ ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಅದಕ್ಕೆ ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬುದು ಇಲ್ಲಿನ ನೀರಾವರಿ ಹೋರಾಟಗಾರರ ಬೇಡಿಕೆ, ನ್ಯಾಯವಾದ ಬೇಡಿಕೆ. ಅಲ್ಲಿಯವರೆಗೆ ಮಳೆನೀರಿನ ಕೆರೆಯ ಮೀನೇ ನನ್ನ ಆಯ್ಕೆ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಜಪಾನಿನವರು ಮೀನನ್ನು ಹಸಿಯಾಗಿ ತಿನ್ನುತ್ತಾರೆಂದು ಕೆರೆ ಮೀನನ್ನು ಹಸಿಯಾಗಿಯೋ ಅರೆಬೆಂದದ್ದನ್ನೋ ತಿನ್ನಕೂಡದು. ಸಿಹಿನೀರಿನ ಮೀನಿನಲ್ಲಿ ಮನುಷ್ಯರಿಗೆ ಅಂಟುವ ಪರೋಪಜೀವಿ ಹುಳುಗಳಿರಬಹುದು. ಜಪಾನಿನವರೂ ತಮ್ಮ ಕಡಲಿನ ಸಾಲ್ಮನ್ ಅನ್ನು ಅದೇ ಭಯಕ್ಕೆ ಬೇಯಿಸಿಯೇ ತಿನ್ನುತ್ತಿದ್ದರು. ಹಸಿ ಸಾಲ್ಮನ್ ಅಲ್ಲಿ ರೂಢಿಗೆ ಬಂದದ್ದು 1980ರ ದಶಕದಿಂದೀಚೆಗೆ, ನಾರ್ವೆ ದೇಶದವರು ತಮ್ಮ ಸಾಕಣೆಯ ಮೀನನ್ನು ಮಾರಲು ಪ್ರಚಾರ ಮಾಡಿದ ಮೇಲೆ.

ಸಾಲ್ಮನ್ ತಂದವರು ಅದನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ. ಬಿಸಿನೀರಿಗೆ ಹಾಕಿ ಕರಗಿಸಿದರೆ ಮೀನು ಒಡೆದುಹೋಗುತ್ತದೆ.

ಹಂತ 3: ಮೀನಿಗೆ ಉಪ್ಪು

ಕೆರೆ ಮೀನಿಗೆ ಕೆಸರಿನ ವಾಸನೆ ಇರುತ್ತದೆ. ನೀರಿನ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತು ಅದಕ್ಕೆ ಕಾರಣ, ಮೊದಲ ಮಳೆಗೆ ಬರುವ ಮಣ್ಣಿನ ವಾಸನೆಯೂ ಅದರದ್ದೇ. ಹುಳಿಯಲ್ಲಿ ಅದು ಒಡೆಯುತ್ತದೆ. ಮೀನಿನ ಸಾರಿಗೆ ನಮ್ಮ ಹೆಂಗಸರು ಹುಣಸೆಹುಳಿ ಧಾರಾಳವಾಗಿ ಹಾಕುತ್ತ ಬಂದಿರುವುದು ಸುಮ್ಮನೆ ಅಲ್ಲ. ಇಲ್ಲಿ ಹುಣಸೆ ಬೇಡ. ಅರ್ಧ ಹೋಳು ನಿಂಬೆರಸ ಸವರಿ ಹತ್ತು ನಿಮಿಷ ಬಿಟ್ಟು, ತಣ್ಣೀರಲ್ಲಿ ತೊಳೆದುಬಿಡಿ. ಆಮೇಲೆ ಎರಡೂ ಕಡೆ ಅರ್ಧ ಚಮಚ ಉಪ್ಪು ಉದುರಿಸಿ ಇಪ್ಪತ್ತು ನಿಮಿಷ ತಟ್ಟೆಯಲ್ಲಿಡಿ. ಮೇಲೆ ನೀರು ಒಸರುತ್ತದೆ. ಆ ನೀರನ್ನು ಒಣಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ಅರಿಶಿನ, ಖಾರದಪುಡಿ ಎತ್ತಿಕೊಳ್ಳಲು ಕೈ ತುರಿಸುತ್ತದೆ, ಇದೊಂದು ದಿನ ತಡೆಯಿರಿ. ಸಾಲ್ಮನ್‌ಗೆ ನಿಂಬೆ ಬೇಡ, ಉಪ್ಪು ಮಾತ್ರ.

ಹಂತ 4: ಈರುಳ್ಳಿಗೆ ಹುಳಿ

ಮೀನು ಉಪ್ಪಿನಲ್ಲಿರುವಾಗಲೇ ಇದನ್ನು ಮುಗಿಸಿ. ಬೆಂಗಳೂರು ಗುಲಾಬಿ ಈರುಳ್ಳಿ ಎಂದು ಭೌಗೋಳಿಕ ಗುರುತು ಪಡೆದ ಆ ಸಣ್ಣ, ಕಡುಗೆಂಪು, ಘಾಟಿನ ಈರುಳ್ಳಿ ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಹೊಲಗಳದ್ದೂ ಹೌದು. ತೆಳ್ಳಗೆ ಹೆಚ್ಚಿ, ಮೂರು ಚಮಚ ವಿನಿಗರ್, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ ಮುಚ್ಚಿಡಿ. ಅರ್ಧ ಗಂಟೆಯಲ್ಲಿ ಘಾಟು ಇಳಿದು ಬಣ್ಣ ಅರಳುತ್ತದೆ.

ಹಂತ 5: ರಸ

ಅಂಗಡಿಯಲ್ಲಿ ಸಿಗುವ ಕಪ್ಪು, ಮಂದ ಸೋಯಾ ಸಾಸ್ ಗೋಬಿ ಮಂಚೂರಿಗೆ ಸರಿ, ಇದಕ್ಕಲ್ಲ. ಸೋಯಾ ಮತ್ತು ಗೋಧಿಯನ್ನು ಹುದುಗಿಸಿ ತಯಾರಿಸಿದ, ನೀರಿನಂತೆ ತೆಳುವಾದ ಸಾಸ್ ಬೇಕು. ಸೀಸೆಯ ಹಿಂದಿನ ಪಟ್ಟಿ ಓದಿದರೆ ಗೊತ್ತಾಗುತ್ತದೆ. ಸಿಗದಿದ್ದರೆ ‘ಲೈಟ್’ ಎಂದು ಬರೆದದ್ದನ್ನು ತನ್ನಿ.

ಜಪಾನಿನವರು ಒಣಗಿಸಿದ ಕಡಲಪಾಚಿಯ ಕಷಾಯ ಹಾಕಿ ರುಚಿಗೆ ಆಳ ತರುತ್ತಾರೆ. ಆ ರುಚಿಯ ಮೂಲ ಗ್ಲುಟಮೇಟ್ ಎಂದು 1908ರಲ್ಲಿ ಟೋಕಿಯೋದ ವಿಜ್ಞಾನಿ ಕಿಕುನೆ ಇಕೆಡಾ ಕಂಡುಹಿಡಿದರು. ಅದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲೂ ಸಮೃದ್ಧವಾಗಿದೆ. ಚಿಂತಾಮಣಿ ಮಾರುಕಟ್ಟೆಯ ಸುತ್ತಮುತ್ತ ಇರುವ ನಾವು ಕಡಲಪಾಚಿ ಹುಡುಕಿಕೊಂಡು ಹೋಗಬೇಕಿಲ್ಲ. ಚೆನ್ನಾಗಿ ಹಣ್ಣಾದ ಒಂದು ಟೊಮೆಟೊವನ್ನು ಉರಿಯ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಕಿವುಚಿ ಸೋಸಿಕೊಳ್ಳಿ. ಆ ರಸಕ್ಕೆ ಮೂರು ದೊಡ್ಡ ಚಮಚ ಸೋಯಾ ಸಾಸ್, ಎರಡು ದೊಡ್ಡ ಚಮಚ ಬೆಲ್ಲದಪುಡಿ, ಎರಡು ಚಮಚ ನೀರು, ಒಂದು ಸಣ್ಣ ಚಮಚ ಶುಂಠಿರಸ ಸೇರಿಸಿ ಕಲಕಿಡಿ. ಕುದಿಸುವುದು ಆಮೇಲೆ, ಮೀನಿನ ಜೊತೆ. ಉಪ್ಪು ಹಾಕಬೇಡಿ, ಸಾಸ್‌ನಲ್ಲೇ ಬೇಕಾದಷ್ಟಿದೆ.

ಹಂತ 6: ತರಕಾರಿ

ಒಂದೇ ಪಾತ್ರೆಯಲ್ಲಿ ಉಪ್ಪುನೀರು ಕುದಿಸಿ, ಸರದಿಯಂತೆ ಬೇಯಿಸಿ ತೆಗೆಯಿರಿ. ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿದ ಕ್ಯಾರೆಟ್ ಎರಡು ನಿಮಿಷ, ಬೀನ್ಸ್ ನಾಲ್ಕು ನಿಮಿಷ, ಕೊನೆಗೆ ಪಾಲಕ್ ಅರ್ಧ ನಿಮಿಷ. ಸೊಪ್ಪನ್ನು ತಕ್ಷಣ ತಣ್ಣೀರಿಗೆ ಹಾಕಿ, ಹಿಂಡಿ, ಎರಡು ಅಂಗುಲ ಉದ್ದಕ್ಕೆ ಕತ್ತರಿಸಿ, ನಾಲ್ಕು ಹನಿ ಸೋಯಾ ಸಾಸ್ ಸವರಿ. ದಂಟು, ನುಗ್ಗೆಸೊಪ್ಪೂ ಆಗುತ್ತದೆ, ಬೇಯುವ ಹೊತ್ತು ಹೆಚ್ಚು ಅಷ್ಟೇ.

ಡಿಸೆಂಬರ್, ಜನವರಿಯಲ್ಲಿ ಮಾಡುವವರು ಬೀನ್ಸ್ ಬಿಟ್ಟು ಅವರೆ ತನ್ನಿ. ಜಪಾನಿನವರು ಎಳೆ ಸೋಯಾ ಕಾಳನ್ನು ಉಪ್ಪುನೀರಲ್ಲಿ ಬೇಯಿಸಿ ಇದೇ ಬಟ್ಟಲಿಗೆ ಹಾಕುತ್ತಾರೆ. ಸೊಗಡಿನ ಅವರೆಗೆ ಅದು ಸಾಟಿಯಲ್ಲ ಎಂದೇ ನಾನು ಹೇಳುವೆ. ಕಾಳನ್ನು ರಾತ್ರಿ ನೆನೆಸಿ, ಬೆಳಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆಯಿಂದ ಹಸಿರು ಬೇಳೆ ಚಿಮ್ಮಿ ಬರುತ್ತದೆ. ಮನೆಮಂದಿಯೆಲ್ಲ ಮೊರದ ಸುತ್ತ ಕೂತರೆ ಬೇಗ ಮುಗಿಯುವ ಕೆಲಸ. ಕುದಿಯುವ ಉಪ್ಪುನೀರಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಒಡೆಯುವ ಮೊದಲು ಬಸಿಯಿರಿ. ಒಗ್ಗರಣೆ ಬೇಡ, ಸೊಗಡು ಮುಚ್ಚಿಹೋಗುತ್ತದೆ.

ಹಂತ 7: ಮೀನು ಹುರಿಯುವುದು

ಅನ್ನ, ತರಕಾರಿ ಎಲ್ಲ ಸಿದ್ಧವಾದ ಮೇಲೆ ಮೀನಿಗೆ ಕೈಹಾಕಿ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಹಾಕಿ, ಮೀನನ್ನು ಚರ್ಮ ಕೆಳಗಾಗಿ ಇಟ್ಟು, ಚಪ್ಪಟೆ ಸೌಟಿನಿಂದ ಕಾಲು ನಿಮಿಷ ಒತ್ತಿಹಿಡಿಯಿರಿ. ಇಲ್ಲದಿದ್ದರೆ ಚರ್ಮ ಮುದುಡಿಕೊಳ್ಳುತ್ತದೆ. ಉರಿ ಮಧ್ಯಮಕ್ಕೆ ಇಳಿಸಿ, ಐದು ನಿಮಿಷ ಅಲುಗಿಸಬೇಡಿ. ಚರ್ಮ ಗರಿಗರಿಯಾದಾಗ ಮೀನು ತಾನಾಗಿ ತಳ ಬಿಡುತ್ತದೆ. ಅಂಟಿದ್ದರೆ ಇನ್ನೂ ಆಗಿಲ್ಲ, ಕೀಳಲು ಹೋಗಬೇಡಿ. ಮಗುಚಿ, ಕಾಟ್ಲಾ ಆದರೆ ಮತ್ತೆ ನಾಲ್ಕೈದು ನಿಮಿಷ, ಸಾಲ್ಮನ್ ಆದರೆ ಎರಡು ಮೂರು ನಿಮಿಷ. ದಪ್ಪಗಿರುವ ಕಡೆ ಚಾಕುವಿನ ತುದಿಯಿಂದ ಬಿಡಿಸಿ ನೋಡಿ: ಒಳಗೆ ಎಲ್ಲೂ ಗಾಜಿನ ಹೊಳಪು ಉಳಿಯದೆ ಪದರ ಪದರವಾಗಿ ಬಿಡಬೇಕು.

ಮೀನು ಬೆಂದ ಮೇಲಷ್ಟೇ ರಸ ಸುರಿಯಿರಿ. ಮೊದಲೇ ಹಾಕಿದರೆ ಬೆಲ್ಲ ಸೀದು ಕಹಿಯಾಗುತ್ತದೆ. ಮೊದಲು ದೊಡ್ಡ ದೊಡ್ಡ ಗುಳ್ಳೆ ಎದ್ದು ನೀರಾಗಿ ಕುದಿಯುತ್ತದೆ. ಒಂದೆರಡು ನಿಮಿಷಕ್ಕೆ ಗುಳ್ಳೆ ಸಣ್ಣದಾಗಿ, ಒತ್ತೊತ್ತಾಗಿ, ಹೊಳೆಯತೊಡಗುತ್ತದೆ. ಚಮಚ ಅದ್ದಿ ತೆಗೆದು ಹಿಂಬದಿಯಲ್ಲಿ ಬೆರಳಿನಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು. ಅದೇ ಹದ. ರಸವನ್ನು ಮೀನಿನ ಮೇಲೆ ಎರಡು ಸಲ ಎತ್ತಿ ಸುರಿದು ಒಲೆ ಆರಿಸಿ. ಕಾಟ್ಲಾದ ಪಕ್ಕೆ ಮುಳ್ಳುಗಳನ್ನು ಸ್ವಲ್ಪ ಆರಿದ ಮೇಲೆ ಎಳೆದುಬಿಡಿ.

ಹಂತ 8: ಬಟ್ಟಲಿಗೆ

ಅನ್ನ ಮುಕ್ಕಾಲು ಬಟ್ಟಲು, ಒತ್ತಬೇಡಿ. ಮೇಲೆ ಒಂದು ಬದಿಗೆ ಮೀನು, ಉಳಿದ ಜಾಗದಲ್ಲಿ ಸೊಪ್ಪು, ಕ್ಯಾರೆಟ್, ಅವರೆ, ಈರುಳ್ಳಿ, ಒಂದೊಂದೂ ಬೇರೆ ಬೇರೆ. ಬಾಣಲೆಯಲ್ಲಿ ಉಳಿದ ರಸ, ಹುರಿದ ಎಳ್ಳು. ಗೌರಿಬಿದನೂರು ಕಡೆ ಕಡಲೆಕಾಯಿ ಇಲ್ಲದ ಮನೆ ಕಡಿಮೆ, ಹುರಿದು ತರಿಯಾಗಿ ಕುಟ್ಟಿದ ಬೀಜ ಒಂದು ಚಮಚ ಉದುರಿಸಿದರೂ ಚೆನ್ನ. ಎಲ್ಲ ಸೇರಿಸಿ ಕಲಸಬೇಡಿ. ಒಂದು ತುತ್ತಿಗೆ ಮೀನು, ಇನ್ನೊಂದಕ್ಕೆ ಸೊಪ್ಪು ಹೀಗೆ ತಿಂದರೆ ಈ ಊಟದ ರುಚಿ ತಿಳಿಯುತ್ತದೆ.

ಮೀನು ತಿನ್ನದ ಮನೆಯವರು ಪನೀರನ್ನೋ ಟೋಫುವನ್ನೋ ದಪ್ಪ ಹೋಳು ಮಾಡಿ, ನೀರು ಒರೆಸಿ, ಎರಡೂ ಬದಿ ಕೆಂಪಗೆ ಹುರಿದು ಇದೇ ರಸದಲ್ಲಿ ಹೊರಳಿಸಿ. ಟೊಮೆಟೊ, ಶುಂಠಿಯ ಪ್ರಮಾಣ ಬದಲಾಗದು. ಮಧ್ಯಾಹ್ನಕ್ಕೆ ಡಬ್ಬಿಗೆ ಕಟ್ಟುವುದಾದರೆ ರಸವನ್ನು ಬೇರೆ ಸಣ್ಣ ಡಬ್ಬಿಯಲ್ಲಿಡಿ, ಅನ್ನ ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ. ನಮ್ಮ ಬೇಸಿಗೆಯಲ್ಲಿ ಮೀನನ್ನು ಮಾತ್ರ ಡಬ್ಬಿಗೆ ಹಾಕಬೇಡಿ, ಮನೆಯಲ್ಲೇ ಬಿಸಿಯಾಗಿ ತಿಂದು ಮುಗಿಸಿ.