ಹದಿನಾಲ್ಕಕ್ಕಿಂತ ಕಡಿಮೆ ಬಂತೆಂದು ಕಬಡ್ಡಿ ಬಿಡಿಸಬೇಕೆ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 16 ವರ್ಷ. ಅಂಕೋಲೆಯಲ್ಲಿ ಪಿಯುಸಿ ಓದುತ್ತಾಳೆ, ಕಾಲೇಜಿನ ಕಬಡ್ಡಿ ತಂಡದಲ್ಲಿ ರೈಡರ್. ಹೋದ ವರ್ಷ ನನ್ನ ಅಕ್ಕನ ಮಗಳು ಆಡುವಾಗಲೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಳು. ಆಪರೇಷನ್ ಆಗಿದೆ, ಇನ್ನೂ ಮೈದಾನಕ್ಕೆ ಇಳಿದಿಲ್ಲ. ಮೊನ್ನೆ ಕಾರವಾರದ ಒಂದು ಶಿಬಿರದಲ್ಲಿ ಮಕ್ಕಳನ್ನು ಕೂರಿಸಿ, ಬಗ್ಗಿಸಿ, ಏನೋ ಮೈಚಲನೆಯ ಪರೀಕ್ಷೆ ಮಾಡಿದರಂತೆ. ನನ್ನ ಮಗಳಿಗೆ 21ಕ್ಕೆ 12 ಬಂದಿದೆ. 14ಕ್ಕಿಂತ ಕಡಿಮೆ ಬಂದವರಿಗೆ ಪೆಟ್ಟಾಗುವುದು ಖಂಡಿತ ಎಂದು ಯಾರೋ ಹೇಳಿದ್ದಾರೆ. ಅವಳ ಅಪ್ಪ ‘ಆಟ ಸಾಕು’ ಅಂತಿದ್ದಾರೆ. ಅವಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಏನು ಮಾಡಲಿ?
– ಹೆಸರು ಬೇಡ, ಅಂಕೋಲಾ

ಉತ್ತರ: ತಂಗೀ, ಮೊದಲು ಅವಳಿಗೆ ಊಟ ಬಡಿಸು. ಆಟ ಬಿಡಿಸುವಷ್ಟು ದೊಡ್ಡ ಸಂಗತಿ ಆ 12ರಲ್ಲಿ ಇಲ್ಲ.

ಈ ಪರೀಕ್ಷೆಯನ್ನು ರೂಪಿಸಿದವರು ಅಮೆರಿಕದ ಗ್ರೇ ಕುಕ್ ಮತ್ತು ಲೀ ಬರ್ಟನ್. ಏಳು ಚಲನೆ, ಒಂದೊಂದಕ್ಕೆ ಹೆಚ್ಚೆಂದರೆ 3 ಅಂಕ. ಆ 14ರ ಗೆರೆ ಹುಟ್ಟಿದ್ದು 2007ರ ಒಂದು ಅಧ್ಯಯನದಲ್ಲಿ. ಅಮೆರಿಕನ್ ಫುಟ್‌ಬಾಲಿನ ಒಂದು ವೃತ್ತಿಪರ ತಂಡದ 46 ಜನರನ್ನು ನೋಡಿ, 14 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ದೊಡ್ಡ ಪೆಟ್ಟಿನ ಸಂಭವ ಹೆಚ್ಚು ಎಂದರು. ಹೆಲ್ಮೆಟ್ ತೊಟ್ಟು ಗುದ್ದಾಡುವ ದೈತ್ಯ ಗಂಡಸರ ಲೆಕ್ಕವನ್ನು ಅಂಕೋಲೆಯ ಹುಡುಗಿಯ ಹಣೆಗೆ ಅಂಟಿಸಿದರೆ ಹೇಗೆ? ಮುಂದೆ ಬೇರೆ ಬೇರೆ ಆಟಗಾರರ ಮೇಲೆ ನೋಡಿದಾಗ ಆ ಗೆರೆ ಗಟ್ಟಿಯಾಗಿ ನಿಲ್ಲಲೂ ಇಲ್ಲ. ಯಾರಿಗೆ ಪೆಟ್ಟಾಗುತ್ತದೆಂದು ಇಂಥ ಪರೀಕ್ಷೆಗಳಿಂದ ಮೊದಲೇ ಹೇಳಲಾಗದು ಎಂದು ನಾರ್ವೆಯ ಕ್ರೀಡಾವೈದ್ಯ ರೋಲ್ಡ್ ಬಾರ್ 2016ರಲ್ಲಿ ಖಡಾಖಂಡಿತವಾಗಿ ಬರೆದರು. ಗಿಳಿಶಾಸ್ತ್ರದ ಚೀಟಿಯ ಹಾಗೆ ಅದನ್ನು ಓದಬೇಡ.

ಹಾಗಂತ ಹಾಳೆಯನ್ನು ಹರಿದು ಬಿಸಾಡಲೂ ಬೇಡ. ಒಟ್ಟು ಅಂಕ ಬಿಡು, ಏಳು ಸಾಲಿನಲ್ಲಿ ಪ್ರತ್ಯೇಕವಾಗಿ ಎಷ್ಟೆಷ್ಟು ಬಂದಿದೆ ಎಂದು ಶಿಬಿರದವರನ್ನು ಕೇಳಿ ಬರೆಸಿಕೊ. ಎಲ್ಲಾದರೂ 0 ಇದ್ದರೆ ಅದು ಮುಖ್ಯ, ಏಕೆಂದರೆ ಈ ಪರೀಕ್ಷೆಯಲ್ಲಿ ಸೊನ್ನೆ ಕೊಡುವುದು ನೋವು ಬಂದಾಗ. ನೋವಿದ್ದರೆ ವ್ಯಾಯಾಮ ಮಾಡಿಸುವ ಮೊದಲು ವೈದ್ಯರಿಗೆ ತೋರಿಸಬೇಕು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಂಕ ಬಿದ್ದಿದೆಯೇ ಎಂದೂ ನೋಡು.

ಆ ಏಳರಲ್ಲಿ ಎಷ್ಟೋ ಮಕ್ಕಳು ಎಡವುವುದು ಕುಕ್ಕರಗಾಲಿನಲ್ಲಿ. ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದು, ಹಿಮ್ಮಡಿ ಎತ್ತದೆ ಪೂರ್ತಿ ಕೂರಬೇಕು. ಗದ್ದೆಯಲ್ಲಿ ನಟ್ಟಿ ಮಾಡಿ ಬಂದು ಅಂಗಳದಲ್ಲಿ ಕುಕ್ಕರಗಾಲಿನಲ್ಲೇ ಕೂತು ಮೀನು ಹೆಚ್ಚುವ ನಮ್ಮ ಕಡೆಯ ಅಜ್ಜಿಯರಿಗೆ ಇದೊಂದು ಪರೀಕ್ಷೆಯೇ ಅಲ್ಲ. ಬೆಂಚು, ಸ್ಕೂಟಿ, ಕುರ್ಚಿಯಲ್ಲಿ ಬೆಳೆದ ಮಕ್ಕಳ ಹರಡು ಬಿಗಿದಿರುತ್ತದೆ. (ನನ್ನದೂ ಬಿಗಿದಿದೆ, ಬೇರೆಯವರಿಗೆ ಪಾಠ ಹೇಳುವವಳದು!) ಮನೆಯಲ್ಲೇ ನೋಡಬಹುದು: ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರ ಇಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಲು ಹೇಳು. ತಾಗದಿದ್ದರೆ ದಿನಾ ಅದನ್ನೇ ಅಭ್ಯಾಸ ಮಾಡಿಸು.

ಮೊಣಕಾಲಿನ ಭಯಕ್ಕೆ ಇನ್ನೊಂದು ನೋಟ ಬೇಕು. 30 ಸೆಂ.ಮೀ. ಎತ್ತರದ ಮೆಟ್ಟಿಲಿನಿಂದ ಅವಳು ಎರಡೂ ಕಾಲಿನ ಮೇಲೆ ನೆಲಕ್ಕೆ ಹಾರಿ, ಕೂಡಲೇ ಮೇಲೆ ನೆಗೆಯಲಿ. ಎದುರಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿ ನಿಧಾನಗತಿಯಲ್ಲಿ ನೋಡು. ಮೊಣಕಾಲುಗಳು ಒಂದಕ್ಕೊಂದು ಮುತ್ತಿಡುವಂತೆ ಒಳಕ್ಕೆ ವಾಲುತ್ತವೆಯೇ? ಮಡಚದೆ ಕಡ್ಡಿಯ ಹಾಗೆ ಇಳಿಯುತ್ತಾಳೆಯೇ? ಕಬಡ್ಡಿಯಲ್ಲಿ ರೈಡರ್ ಗೆರೆಯ ಕಡೆ ಥಟ್ಟನೆ ತಿರುಗುವಾಗ, ಕಾರ್ನರಿನವಳು ಹರಡು ಹಿಡಿದಾಗ, ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಮೈ ಮಾತ್ರ ತಿರುಗುತ್ತದೆ. ಲಿಗಮೆಂಟ್ ಹರಿಯುವುದು ಹೀಗೆ. ಓಡಿ ತಿರುಗುವ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಪೆಟ್ಟು ಹೆಚ್ಚು, ನಿಜ. ಆದರೆ ಇಳಿಯುವ, ತಿರುಗುವ ರೀತಿಯನ್ನು ಕಲಿಸಿ ತಿದ್ದಬಹುದು.

ನಾನು ನಂಬುವುದು ಈ ತಿದ್ದುವ ಕೆಲಸವನ್ನು. ಫುಟ್‌ಬಾಲಿನವರು ‘ಇಲೆವೆನ್ ಪ್ಲಸ್’ ಎಂಬ ವಾರ್ಮ್‌ಅಪ್ ಕಟ್ಟಿದ್ದಾರೆ: 15 ವ್ಯಾಯಾಮ, 20 ನಿಮಿಷ. ನಿಧಾನ ಓಟ, ಪ್ಲಾಂಕ್, ಒಂಟಿಕಾಲಿನ ಸಮತೋಲನ, ತೊಡೆಯ ಹಿಂಭಾಗಕ್ಕೆ ಬಲ, ಮೆತ್ತಗೆ ಇಳಿಯುವ ಜಿಗಿತ, ಕೊನೆಗೆ ತಿರುಗುವ ಓಟ. ನಾರ್ವೆಯಲ್ಲಿ 13ರಿಂದ 17 ವರ್ಷದ 1,800ಕ್ಕೂ ಹೆಚ್ಚು ಹುಡುಗಿಯರ ಮೇಲೆ ಪ್ರಯೋಗಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ತೀವ್ರ ಗಾಯಗಳು ಅರ್ಧದ ಹತ್ತಿರಕ್ಕೆ ಇಳಿದಿದ್ದವು. ಯಾರ ಅಂಕ ಎಷ್ಟೆಂದು ನೋಡದೆ, ಇಡೀ ತಂಡಕ್ಕೆ ಮಾಡಿಸಿದ್ದರು. ಅದು ಫುಟ್‌ಬಾಲ್, ನಮ್ಮದು ಕಬಡ್ಡಿ ಎನ್ನಬಹುದು. ಆದರೆ ಓಡಿ, ನಿಂತು, ತಿರುಗುವ ಮೊಣಕಾಲು ಒಂದೇ. ಕಾಲೇಜಿನ ಪಿ.ಟಿ. ಮಾಸ್ತರರಿಗೆ ಹೇಳು, ವಾರಕ್ಕೆ ಕನಿಷ್ಠ ಎರಡು ಸಲ ಇಡೀ ತಂಡಕ್ಕೆ ಮಾಡಿಸಲಿ. ಒಂದು ತಿಂಗಳು ಮಾಡಿ ಬಿಟ್ಟರೆ ಪ್ರಯೋಜನವಿಲ್ಲ.

ಒಂದು ಎಚ್ಚರಿಕೆ. ಆಟದಲ್ಲಿ ಮೊಣಕಾಲು ‘ಪಟಕ್’ ಎಂದು, ಕೆಲವೇ ತಾಸಿನಲ್ಲಿ ಊದಿಕೊಂಡರೆ, ನಡೆಯುವಾಗ ಕಾಲು ಜಾರಿದಂತಾದರೆ, ಎಣ್ಣೆ ಹಚ್ಚಿ ತಿಕ್ಕುವವರ ಬಳಿ ಹೋಗಬೇಡಿ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಿ.

ಇನ್ನು ಅವಳ ಅಪ್ಪ. ಅಕ್ಕನ ಮಗಳ ಕಾಲು ನೋಡಿ ಹೆದರಿದ್ದಾರೆ, ಹೆದರುವುದು ತಪ್ಪಲ್ಲ. ಮೆಟ್ಟಿಲ ಜಿಗಿತದ ವಿಡಿಯೋ ಅವರ ಕೈಯಲ್ಲೇ ಮಾಡಿಸು, ಎರಡು ತಿಂಗಳು ವ್ಯಾಯಾಮ ಮಾಡಿದ ಮೇಲೆ ಅವರೇ ಇನ್ನೊಮ್ಮೆ ಮಾಡಲಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಆಮೇಲೆ ನನಗೊಂದು ಪತ್ರ ಬರಿ.